ಹಫ್ರ್‌ನ ಚಳಿಗಾಲದಲ್ಲಿ ಕೊಂಡ ಎರಡು ಬಿಲ್ಲುಗಳು

ಮೊದಲನೆಯ ಬಿಲ್ಲು ಸಾವಿರದ ಇನ್ನೂರು ರಿಯಾಲಿಗೆ ಬಂತು. ಎರಡನೆಯದಕ್ಕೆ ಎರಡು ಸಾವಿರದ ಆರುನೂರು ಕೊಟ್ಟೆವು. ಮೊದಲನೆಯದು ತೊಂಬತ್ತು ಪೌಂಡಿನದು, ಎರಡನೆಯದು ಎಪ್ಪತ್ತೈದು ಪೌಂಡಿನದು. ಹೆದೆಯನ್ನು ಪೂರಾ ಎಳೆದು ಹಿಡಿದಾಗ ತೋಳಿಗೆ ಅಷ್ಟು ಭಾರ ಬೀಳುತ್ತದೆ ಎಂದು ಅರ್ಥ. ಹೆಚ್ಚು ಬಲದ ಬಿಲ್ಲಿಗೆ ಅರ್ಧ ಬೆಲೆ ಯಾಕೆ ಎಂದು ನೀವು ಕೇಳುತ್ತೀರಿ. ಅದು ಅಮೆರಿಕದ ಒಂದು ಅಂಗಡಿಯಲ್ಲಿ ಎಳೆಯುವ ಗಂಡಾಳು ಸಿಗದೆ ಎರಡು ವರ್ಷ ಗೋಡೆಗೆ ನೇತುಬಿದ್ದಿತ್ತು. ಈ ಸಂಗತಿ ನನಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಫ್ಯಾಕ್ಸಿನ ಮೇಲೆ ಫ್ಯಾಕ್ಸ್ ಕಳಿಸಿ ಬೆಲೆಯನ್ನು ಅಷ್ಟು ಕೆಳಗೆ ಇಳಿಸಿದೆ. ಅಗ್ಗ ಯಾಕೆ ಎಂಬುದರ ಉತ್ತರ ಕೈಯಲ್ಲೇ ಇತ್ತು. ಅದನ್ನು ಚೌಕಾಸಿಗೆ ಬಳಸಿದೆನೇ ಹೊರತು ಯೋಚನೆಗೆ ಬಳಸಲಿಲ್ಲ.

ಕಳೆದ ತಿಂಗಳು ಪುತ್ತೂರಿನಲ್ಲಿ ಜೇನು ಕೊಳ್ಳಲು ಹೋಗಿದ್ದೆ. ಅಂಗಡಿಯ ಮೂಲೆಯಲ್ಲಿ ಜೇನುಮೇಣದ ಗಟ್ಟಿಗಳನ್ನು ಪೇರಿಸಿಟ್ಟಿದ್ದರು. ಒಂದನ್ನು ಮೂಗಿಗೆ ಹಿಡಿದೆ, ಅಷ್ಟೆ. ಬಿಲ್ಲಿನ ಹೆದೆಗೆ ಹಚ್ಚುವ ಮೇಣದ ವಾಸನೆ ಅದೇ. ಅಂಗಡಿಯವನು ಬೆಲೆ ಹೇಳುತ್ತಿದ್ದ, ನಾನು ಸೌದಿಯ ಹಫ್ರ್ ಅಲ್ ಬಾತಿನ್‌ನಲ್ಲಿ ನಿಂತಿದ್ದೆ.

ಕುವೈತಿನ ಯುದ್ಧ ಮುಗಿದು ಮೂರ್ನಾಲ್ಕು ವರ್ಷವಾಗಿತ್ತು. ಹಫ್ರ್‌ನ ಮುಖ್ಯ ರಸ್ತೆಯಲ್ಲಿ ನನ್ನ ಕಫೀಲ್‌ನದೊಂದು ಅಂಗಡಿ; ಕಫೀಲ್ ಎಂದರೆ ವೀಸಾ ಕೊಟ್ಟು ಕರೆಸಿಕೊಂಡ ಧಣಿ. ಡೇರೆ, ಕಂಬಳಿ, ಕಾಫಿಯ ಕೆಟಲು, ಗಿಡುಗವನ್ನು ಕೂರಿಸಿಕೊಳ್ಳುವ ಚರ್ಮದ ಕೈಗವಸು, ಇದ್ದಿಲು, ಹೀಗೆ ಮರುಭೂಮಿಯಲ್ಲಿ ಬಿಡಾರ ಹೂಡುವವರಿಗೆ ಬೇಕಾದ ಸಾಮಾನು. ವಿಟ್ಲದಿಂದ ಹೋದ ನಾನು ಮೊದಲ ವರ್ಷ ಅದೇ ಅಂಗಡಿಯ ಗೋದಾಮಿನಲ್ಲಿ ಗಂಟು ಹೊತ್ತವನು. ಆರನೆಯ ವರ್ಷಕ್ಕೆ ಕೊಳ್ಳುವ, ಮಾರುವ ಕೆಲಸವೆಲ್ಲ ನನ್ನದೇ ಆಗಿತ್ತು. ಆ ವರ್ಷ ಮಳೆ ಬೇಗ ಬಂತು. ಮಳೆ ಬೇಗ ಬಂದರೆ ಮರಳಿನ ಅಡಿಯಲ್ಲಿ ಫಗಾ ಏಳುತ್ತದೆ, ನಮ್ಮೂರಿನ ಕಲ್ಲಣಬೆಯಂಥದ್ದು. ಅದನ್ನು ಹುಡುಕಿಕೊಂಡು ರಿಯಾದಿನಿಂದಲೂ ಜನ ಬರುತ್ತಾರೆ, ಊರ ಹೊರಗೆಲ್ಲ ಡೇರೆಗಳು ಏಳುತ್ತವೆ. ಚಳಿ ಎಂದರೆ ಬೆಳಿಗ್ಗೆ ಶಟರ್ ಎತ್ತುವಾಗ ಬೆರಳು ಕಬ್ಬಿಣಕ್ಕೆ ಅಂಟುವಂಥ ಚಳಿ.

ಅಂಥ ಒಂದು ಬೆಳಿಗ್ಗೆ ಅಬು ಫಹದ್ ಬಂದರು. ಸೈನ್ಯದಿಂದ ನಿವೃತ್ತರಾದ ಅಧಿಕಾರಿ, ವಯಸ್ಸು ಐವತ್ತರ ಆಚೆ, ನನ್ನ ಕಫೀಲ್‌ನ ಗೆಳೆಯರು. ಭುಜವೆಂದರೆ ಬಾಗಿಲಿನಷ್ಟು ಅಗಲ.

"ಹಮೀದ್, ಬಿಲ್ಲು ಇದೆಯಾ?"

ಮಕ್ಕಳ ಆಟದ ಬಿಲ್ಲೊಂದಿತ್ತು, ತೋರಿಸಿದೆ. ಅವರು ಅದನ್ನು ಎರಡು ಬೆರಳಲ್ಲಿ ಎಳೆದು ನಕ್ಕರು. "ಇದನ್ನು ಕಂಡರೆ ಇಲಿಯೂ ನಗುತ್ತದೆ. ನನಗೆ ಬೇಕಾದದ್ದು ಆಫ್ರಿಕಾದ ಕಾಡುಕೋಣಕ್ಕೆ."

ಚಳಿಗಾಲದ ಕೊನೆಗೆ ಅವರು ಆಫ್ರಿಕಾದ ದಕ್ಷಿಣಕ್ಕೆ ಹೊರಡುವವರಿದ್ದರು. ಪರವಾನಗಿ, ದಾರಿ ತೋರಿಸುವ ಬೇಟೆಗಾರ, ವಿಮಾನದ ಟಿಕೆಟ್ ಎಲ್ಲ ಗೊತ್ತಾಗಿತ್ತು. ಬಂದೂಕಿನಿಂದ ಅವರು ಹೊಡೆಯದ ಪ್ರಾಣಿ ಕಡಿಮೆ. ಈ ಸಲ ಹಿರಿಯರ ಹಾಗೆ ಬಿಲ್ಲಿನಿಂದಲೇ ಆಗಬೇಕು ಎಂಬುದು ಹಟ. ನಾನು ಕ್ಯಾಟಲಾಗು ತೆರೆದು, ಎರಡು ತುದಿಗೂ ಚಕ್ರ ಕೂರಿಸಿದ ಹೊಸ ಕಾಲದ ಬಿಲ್ಲು ತೋರಿಸಿದೆ. ಎಳೆಯಲು ಹಗುರ, ನನಗೆ ಲಾಭವೂ ಹೆಚ್ಚು.

"ಚಕ್ರ ಇರಬೇಕಾದದ್ದು ಬಾವಿಗೆ," ಎಂದರು. "ನಮ್ಮ ಅಜ್ಜಂದಿರು ಬಾಣ ಬಿಟ್ಟದ್ದು ನೀರು ಸೇದಲಿಕ್ಕಲ್ಲ. ಮರದ ಬಿಲ್ಲು ತರಿಸು. ಇರುವುದರಲ್ಲಿ ಹೆಚ್ಚು ಬಲದ್ದು."

ಆಫ್ರಿಕಾದ ಬೇಟೆಗಾರನಿಂದ ಒಂದು ಫ್ಯಾಕ್ಸ್ ಬಂದಿತ್ತು. ಅದನ್ನು ಅವರಿಗೆ ಓದಿ ಹೇಳಿದವನೂ ನಾನೇ. ಅವನು ಬರೆದದ್ದು ಹೀಗೆ: ಎಪ್ಪತ್ತೈದು ಪೌಂಡಿನ ಬಿಲ್ಲು ಸಾಕು, ಪೂರಾ ಎಳೆಯಲು ಬಂದರೆ. ಬಾಣ ಅರವತ್ತು ಗ್ರಾಮಿಗೆ ಕಡಿಮೆ ತೂಗಬಾರದು. ಅಲಗು ಎರಡೇ ಬಾಯಿಯದ್ದು, ಗಟ್ಟಿ ಉಕ್ಕಿನದು. ಇಪ್ಪತ್ತು ಹೆಜ್ಜೆಯ ಒಳಗೆ, ಕೋಣ ಅಡ್ಡಲಾಗಿ ನಿಂತಾಗ ಮಾತ್ರ ಹೊಡೆಯಬೇಕು. ಹಿಂದೆ ನಾನು ಬಂದೂಕು ಹಿಡಿದು ನಿಂತಿರುತ್ತೇನೆ, ಆದರೆ ಇಪ್ಪತ್ತು ಹೆಜ್ಜೆಯಿಂದ ನುಗ್ಗುವ ಕೋಣವನ್ನು ಬಂದೂಕು ಪ್ರತಿ ಸಲ ತಡೆಯುತ್ತದೆ ಎಂದು ಬರೆದುಕೊಡಲಾರೆ.

"ಎಪ್ಪತ್ತೈದು ಸಾಕಾದರೆ ತೊಂಬತ್ತು ಇನ್ನೂ ಒಳ್ಳೆಯದಲ್ಲವೇ?" ಎಂದರು ಅಬು ಫಹದ್.

"ಅಲ್ಲದೆ ಮತ್ತೆ!" ಎಂದೆ. ಗೋಡೆಗೆ ನೇತುಬಿದ್ದ ಬಿಲ್ಲು ಆಗಲೇ ನನ್ನ ಕಣ್ಣೆದುರು ಇತ್ತು.

ಬಿಲ್ಲು ದಮ್ಮಾಮಿಗೆ ಬಂದಿಳಿಯಿತು. ಕಸ್ಟಮ್ಸಿನವರು ಕೇಳುವ ಮೊದಲೇ ಅಬು ಫಹದ್ ತರಿಸಿಕೊಟ್ಟ ಪರವಾನಗಿ ಪತ್ರ ಮುಂದಿಟ್ಟೆ, ಅರ್ಧ ಗಂಟೆಯಲ್ಲಿ ಬಿಡಿಸಿಕೊಂಡೆ. ಆದರೆ ಬಾಣಗಳ ವಿಷಯದಲ್ಲಿ ಎಡವಿದೆ. ಜೊತೆಗೆ ಬಂದ ಅಲ್ಯೂಮಿನಿಯಂ ಬಾಣಗಳನ್ನು ಪಕ್ಕದ ಚಿನ್ನದಂಗಡಿಯ ತಕ್ಕಡಿಯಲ್ಲಿ ತೂಗಿಸಿದರೆ ಒಂದೂ ಮೂವತ್ತೈದು ಗ್ರಾಂ ದಾಟಲಿಲ್ಲ. ಹಗುರ ಬಾಣ ವೇಗವಾಗಿ ಹೋಗುತ್ತದೆ, ದೊಡ್ಡ ಎಲುಬು ಕಂಡಲ್ಲಿ ನಿಲ್ಲುತ್ತದೆ. ಭಾರದ ಬಾಣ ಆಮೆಯಂತೆ ಹೊರಟರೂ ಒಳಗೆ ಹೋಗುತ್ತಲೇ ಇರುತ್ತದೆ. ಇದನ್ನು ನಾನು ಕಲಿತದ್ದು ವಾಸು ಆಚಾರಿಯವರಿಂದ.

ಆಚಾರಿಯವರು ಕಾರ್ಕಳದ ಕಡೆಯವರು. ಹಫ್ರ್‌ನಲ್ಲಿ ಒಂದು ಮರಗೆಲಸದ ಶೆಡ್ಡಿನಲ್ಲಿ ಬಾಗಿಲು, ಕಪಾಟು ಮಾಡುತ್ತಿದ್ದರು. ತೆಳ್ಳಗಿನ ಮನುಷ್ಯ, ಮಾತು ಅಳತೆಯದ್ದು, ಅದೂ ಖಾರ. ನಾನು ಹೋಗಿ ವಿಷಯ ಹೇಳಿದಾಗ ಕೀಸುಳಿ ನಿಲ್ಲಿಸದೆಯೇ ಕೇಳಿದರು, "ಎಂತದಕ್ಕೆ ಬಾಣ? ನಾಟಕಕ್ಕಾ?"

"ಕಾಡುಕೋಣಕ್ಕೆ, ಆಚಾರ್ರೇ. ನಮ್ಮ ಕಾಟಿ ಉಂಟಲ್ಲ, ಅದರ ಸಿಟ್ಟಿನ ಅಣ್ಣ."

ಕೀಸುಳಿ ನಿಂತಿತು. "ಯಾರು ಹೋಗುದು?"

"ಅಬು ಫಹದ್."

"ಅವರಿಗೆ ಮಕ್ಕಳುಂಟಾ?"

"ಏಳು."

"ಹಾಗಾದ್ರೆ ಒಳ್ಳೆ ಮರ ಬೇಕು ಬ್ಯಾರಿಗಳೇ. ಬಾಗಿಲಿಗೆ ತಂದ ಮರದಲ್ಲಿ ಆಗುದಿಲ್ಲ." ನಮ್ಮ ಕರಾವಳಿಯಲ್ಲಿ ಮುಸ್ಲಿಮರನ್ನು ಕರೆಯುವುದು ಹಾಗೆ, ಬ್ಯಾರಿಗಳು ಎಂದು.

ಆ ಒಳ್ಳೆಯ ಮರ ಎಲ್ಲಿ ಸಿಕ್ಕಿತು ಗೊತ್ತೇ? ಹಫ್ರ್‌ನ ಹರಾಜು ಸಂತೆಯಲ್ಲಿ. ಯುದ್ಧಕ್ಕೆ ಬಂದ ವಿದೇಶೀ ಸೈನ್ಯ ಬಿಟ್ಟುಹೋದ ಸಾಮಾನಿನ ರಾಶಿಯಲ್ಲಿ ಸಲಿಕೆಯ ಹಿಡಿಗಳು ಕಟ್ಟುಕಟ್ಟಾಗಿ ಬಿದ್ದಿದ್ದವು. ಆ್ಯಶ್ ಎಂಬ ಮರ, ಬಿಳಿಚು ಬಣ್ಣ, ಭಾರ, ಎಳೆ ನೂಲು ಹಿಡಿದಷ್ಟು ನೇರ. ಆಚಾರಿಯವರು ಒಂದೊಂದೇ ಹಿಡಿಯನ್ನು ಸೂರ್ಯನಿಗೆ ಎತ್ತಿ ನೋಡಿ, ಬೆರಳಿನ ಗೆಣ್ಣಿನಿಂದ ತಟ್ಟಿ, ಇನ್ನೂರರಲ್ಲಿ ಹನ್ನೊಂದನ್ನು ಆರಿಸಿದರು. ಮಾರುವ ಯಮನಿ ಮುದುಕನಿಗೆ ರೇಗಿತು. "ಸಲಿಕೆ ಹಿಡಿ ಕೊಳ್ಳುತ್ತೀಯೋ, ಹೆಣ್ಣು ನೋಡುತ್ತೀಯೋ?" ನಾನು ಚೌಕಾಸಿಗೆ ಇಳಿದೆ. ಹನ್ನೊಂದು ಹಿಡಿ ಹದಿನೈದು ರಿಯಾಲಿಗೆ ಬಂದವು.

ಶೆಡ್ಡಿನಲ್ಲಿ ಗರಗಸದ ಯಂತ್ರ ಇತ್ತು. ಅದರಲ್ಲಿ ಕೊಯ್ದರೆ ಒಂದು ದಿನದ ಕೆಲಸ. ಆಚಾರಿಯವರು ಅದನ್ನು ಮುಟ್ಟಲಿಲ್ಲ. ಉಳಿಯಿಟ್ಟು ಸೀಳಿದರು. "ಸೀಳಿದ್ರೆ ಮರ ತನ್ನ ದಾರಿಯಲ್ಲೇ ಬಿಡ್ತದೆ. ಕೊಯ್ದ್ರೆ ನಾವು ಹೇಳಿದ ದಾರಿಯಲ್ಲಿ ಹೋಗ್ತದೆ, ಮತ್ತೆ ಬೇಕಾದ ಹೊತ್ತಿಗೆ ಕೈ ಕೊಡ್ತದೆ," ಎಂದರು. ಸೀಳಿದ ಕಡ್ಡಿಯನ್ನು ಕೀಸಿ ಗುಂಡಗೆ ಮಾಡಿ, ಬಿಸಿ ತಾಗಿಸಿ ನೇರ ಮಾಡಿ, ಎಣ್ಣೆ ಕುಡಿಸಿ, ಟರ್ಕಿ ಕೋಳಿಯ ಗರಿಯನ್ನು ಅಂಟಿಸಿ ನೂಲು ಸುತ್ತಿ, ಹನ್ನೆರಡು ದಿನಕ್ಕೆ ಒಂಬತ್ತು ಬಾಣ ಮಾಡಿದರು. ಅಲಗು ಸೇರಿ ಅರವತ್ತೆರಡು ಗ್ರಾಂ. ಒಂಬತ್ತರಲ್ಲಿ ಒಂದಕ್ಕೂ ಇನ್ನೊಂದಕ್ಕೂ ಒಂದು ಗ್ರಾಮಿನ ವ್ಯತ್ಯಾಸವೂ ಇರಲಿಲ್ಲ. ಚಿನ್ನದಂಗಡಿಯವನು ತೂಗಿ ತೂಗಿ ಬೆರಗಾದ. ನಾನು ಜೀವಮಾನದಲ್ಲಿ ಕೆಲಸಗಾರರನ್ನು ಬಹಳ ಕಂಡಿದ್ದೇನೆ. ತನ್ನ ಕೆಲಸ ಕೊನೆಗೆ ಯಾರ ಎದೆಯ ಮುಂದೆ ನಿಲ್ಲುತ್ತದೆ ಎಂದು ಕೇಳಿಕೊಂಡು ಉಳಿ ಹಿಡಿದವರನ್ನು ಹೆಚ್ಚು ಕಂಡಿಲ್ಲ.

ಅಲಗುಗಳನ್ನು ಪರೀಕ್ಷೆ ಮಾಡಲು ಕಟುಕನಿಂದ ಒಂದು ಒಂಟೆಯ ಪಕ್ಕೆಲುಬಿನ ಗೂಡು ತಂದು, ಒದ್ದೆ ಕಂಬಳಿ ಹೊದಿಸಿ, ಊರ ಹೊರಗಿನ ಒಣಹಳ್ಳದಲ್ಲಿ ನೇತುಹಾಕಿದೆವು. ಬಿಲ್ಲಿನ ಜೊತೆ ಎರಡು ಬಗೆಯ ಅಲಗು ತರಿಸಿದ್ದೆ, ನನಗೆ ಮೂರು ಬಾಯಿಯದ್ದರ ಮೇಲೆ ಕಣ್ಣು. ನೋಡಲು ಭಯಂಕರ, ಪೆಟ್ಟಿಗೆಯೂ ಚಂದ. ಅಬು ಫಹದ್ ಬಿಟ್ಟ ಮೊದಲ ಬಾಣದಲ್ಲೇ ಅದು ಎಲುಬಿಗೆ ತಾಗಿ ಕೊಡೆಯ ಕಡ್ಡಿಯ ಹಾಗೆ ಮಡಚಿಕೊಂಡಿತು. ಎರಡು ಬಾಯಿಯದ್ದು ಎಲುಬನ್ನು ಸೀಳಿಕೊಂಡು ಒಳಗೆ ಹೋಯಿತು. ಅದು ಪೆಟ್ಟಿಗೆಯಿಂದ ಬರುವಾಗ ಮೊಂಡಾಗಿಯೇ ಇರುತ್ತದೆ; ಆಚಾರಿಯವರು ಕೀಸುಳಿಯ ಬಾಯಿಯಂತೆ ಮಸೆದು, ತಮ್ಮ ಮುಂಗೈಯ ಕೂದಲನ್ನು ಅದರಿಂದ ಬೋಳಿಸಿ ತೋರಿಸಿದ್ದರು.

ನೋಡಲು ಬಂದ ಅಬು ಫಹದರ ಗೆಳೆಯರೂ ಸೇರಿ ಎಲ್ಲರೂ ಖುಷಿಯಲ್ಲಿದ್ದೆವು, ಆಚಾರಿಯವರ ಹೊರತು. ಅವರು ಬಾಣದ ಕಡ್ಡಿಯ ಮೇಲೆ ಸೀಮೆಸುಣ್ಣದ ಒಂದು ಗೆರೆ ಎಳೆದಿಟ್ಟಿದ್ದರು. ಬಿಲ್ಲನ್ನು ಪೂರಾ ಎಳೆದರೆ ಆ ಗೆರೆ ಬಿಲ್ಲಿನ ಹಿಡಿಯವರೆಗೆ ಬರಬೇಕು. ನನ್ನನ್ನು ಕಾರಿನ ಆಚೆಗೆ ಕರೆದರು.

"ಬ್ಯಾರಿಗಳೇ, ಗೆರೆ ಒಮ್ಮೆಯೂ ಬರ್ಲಿಲ್ಲ. ನಾಲ್ಕು ಬೆರಳು ಕಡಿಮೆ ಎಳೀತಾ ಇದ್ದಾರೆ. ಕೈ ನಡುಗುದೂ ಕಂಡೆ."

"ಮೆಲ್ಲ ಮಾತಾಡಿ ಮಾರಾಯ್ರೆ. ದೊಡ್ಡ ಜನ ಅವರು. ಅಷ್ಟು ಜನರ ಎದುರು ನಿಮಗೆ ಬಲ ಸಾಲುದಿಲ್ಲ ಅಂತ ಹೇಳ್ಲಿಕ್ಕೆ ಆಗ್ತದಾ?"

"ಕೋಣಕ್ಕೆ ಅವರು ದೊಡ್ಡ ಜನ ಅಂತ ಗೊತ್ತುಂಟಾ?"

ನಾಳೆ ಹೇಳೋಣ ಎಂದುಕೊಂಡೆ. ಮಾರಿದ ಮಾಲನ್ನು ತಪ್ಪು ಎಂದು ಹೇಳುವ ನಾಳೆ ಅಂಗಡಿಯವನಿಗೆ ಸುಲಭವಾಗಿ ಬರುವುದಿಲ್ಲ. ಒಂದು ವಾರ ಕಳೆಯಿತು.

ಹೊರಡಲು ಇನ್ನು ಐದು ವಾರ ಇರುವಾಗ ಅಬು ಫಹದ್ ತಮ್ಮ ಡೇರೆಯಲ್ಲಿ ಊಟಕ್ಕೆ ಕರೆದರು. ಮಸೆದ ಬಾಣಗಳನ್ನು ಒಪ್ಪಿಸಲು ನಾನೂ ಆಚಾರಿಯವರೂ ಹೋದೆವು. ಹೊರಗೆ ಚಳಿಗಾಳಿ ಡೇರೆಯ ಹಗ್ಗವನ್ನು ಸಿಳ್ಳೆ ಹೊಡೆಸುತ್ತಿತ್ತು, ಒಳಗೆ ಕೆಂಡ, ಏಲಕ್ಕಿ ಕಾಫಿ, ಇಪ್ಪತ್ತು ಜನ. ಮೇಲುಸ್ಥಾನದಲ್ಲಿ ಅಬು ಫಹದರ ಚಿಕ್ಕಪ್ಪ ಕೂತಿದ್ದರು, ಎಪ್ಪತ್ತು ದಾಟಿದ ಹಿರಿಯರು. ಅವರಲ್ಲಿ ಬೆಲೆಬಾಳುವ ವಸ್ತು ಮಜ್ಲಿಸಿಗೆ, ಎಂದರೆ ಇಂಥ ಕೂಟಕ್ಕೆ, ಬಂದರೆ ಮೊದಲು ಅದು ಹೋಗುವುದು ಹಿರಿಯ ಅತಿಥಿಯ ಕೈಗೆ. ಕತ್ತಿಯಾಗಲಿ, ಗಿಡುಗವಾಗಲಿ, ಅವರು ಅದನ್ನು ಕೈಯಲ್ಲಿ ಆಡಿಸಿ ಒಳ್ಳೆಯ ಮಾತು ಹೇಳಬೇಕು. ಅದೇ ಮರ್ಯಾದೆ. ಅಬು ಫಹದ್ ಹೆದೆಯೇರಿಸಿದ ಬಿಲ್ಲನ್ನು ಎರಡೂ ಕೈಯಲ್ಲಿ ಚಿಕ್ಕಪ್ಪನಿಗೆ ಒಪ್ಪಿಸಿದರು.

ಬಿಲ್ಲಿನ ಪೆಟ್ಟಿಗೆಯ ಒಳಗೆ ಕೆಂಪು ಅಕ್ಷರದ ಒಂದು ಚೀಟಿ ಇತ್ತು. ಬಾಣವಿಲ್ಲದೆ ಹೆದೆಯನ್ನು ಎಳೆದು ಬಿಡಬೇಡಿ. ಬಾಣ ಇದ್ದರೆ ಬಿಲ್ಲಿನ ಬಲವನ್ನು ಅದು ಹೊತ್ತುಕೊಂಡು ಹೋಗುತ್ತದೆ. ಇಲ್ಲದಿದ್ದರೆ ಅಷ್ಟೂ ಬಲ ತಿರುಗಿ ಬಿಲ್ಲಿನ ಮೈಗೇ ಬಡಿಯುತ್ತದೆ. ನನಗೆ ಗೊತ್ತಿತ್ತು, ಅಬು ಫಹದರಿಗೂ ಗೊತ್ತಿತ್ತು. ಆದರೆ ಚಿಕ್ಕಪ್ಪನ ಕೈ ಹಿಡಿಯುವವರು ಯಾರು?

ಮುದುಕರು ಎದ್ದು ನಿಂತರು, ಕಾಲು ಅಗಲಿಸಿದರು, ಅಲ್ಲಾಹನ ಹೆಸರು ಹೇಳಿ ಹೆದೆಯನ್ನು ಒಂದು ಗೇಣು ಎಳೆದು ಟಪ್ಪೆಂದು ಬಿಟ್ಟರು. ಮಜ್ಲಿಸ್ ಹೋ ಎಂದಿತು. ಅವರಿಗೆ ಹುರುಪು ಬಂತು. ಇನ್ನೊಮ್ಮೆ, ಇನ್ನೂ ಉದ್ದ ಎಳೆದರು. ಈ ಸಲದ ಸದ್ದು ಬೇರೆ, ಒಣಗಿದ ಬಿದಿರು ಒಡೆದ ಹಾಗೆ. ಸಂಭ್ರಮದಲ್ಲಿ ಯಾರಿಗೂ ಕೇಳಿಸಲಿಲ್ಲ.

ಆಚಾರಿಯವರಿಗೆ ಕೇಳಿಸಿತು. ಬಿಲ್ಲು ಕೈಯಿಂದ ಕೈಗೆ ದಾಟಿ ನಮ್ಮಲ್ಲಿಗೆ ಬಂದಾಗ, ಬಾಣಕ್ಕೆ ಎಣ್ಣೆ ಒರೆಸಲು ತಂದಿದ್ದ ಹತ್ತಿಯ ಉಂಡೆಯನ್ನು ಬಿಲ್ಲಿನ ಮೈಮೇಲೆ ಸುಮ್ಮನೆ ಎಂಬಂತೆ ಜಾರಿಸಿದರು. ಬಿಲ್ಲಿನ ಮೇಲರ್ಧದ ನಡುವೆ ಹತ್ತಿಯ ಎಳೆ ಸಿಕ್ಕಿಕೊಂಡು ನಿಂತಿತು. ಕಣ್ಣಿಗೆ ಕಾಣದ ಬಿರುಕು. ಆಗ ಯಾರೋ ಕೂಗಿದರು, "ಅಬು ಫಹದ್, ಈಗ ನೀನು ಎಳೆ ನೋಡೋಣ!"

ಬಿರುಕು ಬಿಟ್ಟ ತೊಂಬತ್ತು ಪೌಂಡಿನ ಬಿಲ್ಲು ಮುಖದ ಹತ್ತಿರ ಮುರಿದರೆ ಕಣ್ಣು ಹೋಗುತ್ತದೆ. ಬಿಲ್ಲು ಒಡೆದಿದೆ ಎಂದರೆ ಚಿಕ್ಕಪ್ಪನ ಮಾನ ಹೋಗುತ್ತದೆ. ನಾನು ಎದ್ದು ನಿಂತೆ.

"ಯಾ ಶೇಖ್, ಕ್ಷಮಿಸಬೇಕು. ಹೆದೆ ತಪ್ಪಾಗಿ ಕಟ್ಟಿದ್ದೇನೆ. ನನ್ನದೇ ತಪ್ಪು. ಬಿಲ್ಲನ್ನು ಅಂಗಡಿಗೆ ಒಯ್ಯಬೇಕು."

ಡೇರೆಯೆಲ್ಲ ನಕ್ಕಿತು. ಅವರಿಗೆ ಭಾರತದವರೆಲ್ಲ ಹಿಂದಿಗಳು. "ಹಿಂದಿ ಅಂಗಡಿಯವನಿಗೆ ದಾರ ಕಟ್ಟಲೂ ಬರುವುದಿಲ್ಲ!" ಚಿಕ್ಕಪ್ಪ ಎಲ್ಲರಿಗಿಂತ ಜೋರಾಗಿ ನಕ್ಕರು. ಅಬು ಫಹದ್ ನಗಲಿಲ್ಲ. ಅವರು ಹತ್ತಿಯ ಎಳೆಯನ್ನು ನೋಡುತ್ತಿದ್ದರು.

ಮರುದಿನ ಶಟರ್ ಎತ್ತುವ ಮೊದಲೇ ಅವರ ಜೀಪು ಅಂಗಡಿಯ ಮುಂದಿತ್ತು. ಒಳಗೆ ಬಂದು ಕೂತರು.

"ಹಮೀದ್, ಹೆದೆಗೆ ಹತ್ತಿ ಅಂಟುವುದಿಲ್ಲ."

"ಇಲ್ಲ, ಯಾ ಶೇಖ್."

"ನನ್ನ ಚಿಕ್ಕಪ್ಪನ ಮುಖ ಉಳಿಸಿದೆ. ಹೊಸ ಬಿಲ್ಲಿನ ಖರ್ಚು ನನ್ನದು. ಇಂಥದ್ದೇ ಇನ್ನೊಂದು ತರಿಸು. ಯಲ್ಲಾ, ಬೇಗ."

ಇಂಥದ್ದೇ ಎಂದರೆ ಮತ್ತೆ ತೊಂಬತ್ತು ಪೌಂಡಿನದು. ಹೇಳದಿದ್ದರೆ ಇನ್ನೊಂದು ವ್ಯಾಪಾರ. ಹೇಳಿದರೆ, ಕಫೀಲ್‌ನ ಗೆಳೆಯನಿಗೆ ನಿನ್ನ ತೋಳು ಸಾಲದು ಎಂದ ಹಾಗೆ. ಅಷ್ಟಕ್ಕೇ ಊರಿಗೆ ಟಿಕೆಟ್ ಹಿಡಿದವರನ್ನು ನಾನು ಕಂಡಿದ್ದೆ. ಏಳು ಮಕ್ಕಳು ಎಂಬ ಮಾತು ಮಾತ್ರ ತಲೆಯಲ್ಲಿ ಕೂತಿತ್ತು. ಹೇಳಿದೆ. ಗೆರೆಯ ಕತೆ, ನಾಲ್ಕು ಬೆರಳಿನ ಕೊರತೆ, ಆ ಬಿಲ್ಲು ಯಾಕೆ ಅಗ್ಗವಾಗಿತ್ತು ಎಂಬುದನ್ನೂ ಹೇಳಿದೆ.

ಅವರ ಮುಖ ಕೆಂಪಾಯಿತು. ಆಮೇಲೆ ಎದ್ದು ಹೊರಗೆ ನಡೆದರು. ಕೆಲಸ ಹೋಯಿತು ಎಂದುಕೊಂಡೆ. ಬಾಗಿಲಲ್ಲಿ ತಿರುಗಿ, "ಆ ಬಡಗಿಯ ಹತ್ತಿರ ಕರೆದುಕೊಂಡು ಹೋಗು," ಎಂದರು.

ಶೆಡ್ಡಿನಲ್ಲಿ, ಮರದ ಪುಡಿಯ ನಡುವೆ ನಿಂತು ಕೇಳಿದರು, "ನೀನು ಕಂಡದ್ದು ನಿಜವೇ?" ನಾನು ತುಳುವಿಗೆ ತಿರುಗಿಸಿದೆ. ಆಚಾರಿಯವರು ಮೊದಲು ನನ್ನನ್ನೊಮ್ಮೆ ನೋಡಿದರು, ಈಗಲಾದರೂ ಬಾಯಿ ಬಿಟ್ಟಿರಲ್ಲ ಎಂಬಂತೆ. ಆಮೇಲೆ ನಾಲ್ಕು ಬೆರಳು ಎತ್ತಿ ತೋರಿಸಿದರು. ಸಾವಿರ ಸೈನಿಕರಿಗೆ ಆಜ್ಞೆ ಕೊಟ್ಟ ಮನುಷ್ಯ ಆ ನಾಲ್ಕು ಬೆರಳಿಗೆ ತಲೆಯಾಡಿಸಿದರು. ಬಲವಂತರನ್ನು ನಾನು ಬಹಳ ಕಂಡಿದ್ದೇನೆ. ಬಡಗಿಯ ಮಾತಿಗೆ ಬಿಲ್ಲಿನ ತೂಕ ಇಳಿಸಿಕೊಂಡ ಬಲವಂತರು ಅವರೊಬ್ಬರೇ.

ಎಪ್ಪತ್ತೈದರ ಬಿಲ್ಲಿಗೆ ಅಮೆರಿಕದವನು ಪೂರ್ತಿ ಬೆಲೆ ಹೇಳಿದ. ಚೌಕಾಸಿಗೆ ಹೊತ್ತಿರಲಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ಹೇಳಿದ ಬೆಲೆಗೆ ಹ್ಞೂಂ ಎಂದೆ, ಎರಡು ದಿನ ಊಟ ಸೇರಲಿಲ್ಲ. ಹತ್ತು ದಿನಕ್ಕೆ ಬಿಲ್ಲು ಬಂತು. ಉಳಿದದ್ದು ಮೂರೂವರೆ ವಾರ. ಪ್ರತಿ ಬೆಳಿಗ್ಗೆ, ಕೈ ಮರಗಟ್ಟುವ ಚಳಿಯಲ್ಲಿ, ಅಬು ಫಹದ್ ಒಣಹಳ್ಳದಲ್ಲಿ ಅಭ್ಯಾಸ ಮಾಡಿದರು. ಆಚಾರಿಯವರು ಕೆಲಸಕ್ಕೆ ಹೋಗುವ ಮೊದಲು ಬಂದು ಗೆರೆ ನೋಡುತ್ತಿದ್ದರು. ಮೊದಲ ವಾರ ಒಂದು ಬೆರಳು ಕಡಿಮೆ. ಎರಡನೆಯ ವಾರ ಗೆರೆ ಮುಟ್ಟಿತು. ಮೂರನೆಯ ವಾರ ಎಳೆದು, ಹಿಡಿದು, ಬಾಣ ಬಿಡದೆ ಮೆಲ್ಲನೆ ಹೆದೆಯನ್ನು ಮುಂದಕ್ಕೆ ಇಳಿಸುವುದನ್ನು ಕಲಿತರು. ಅದೇಕೆ ಎಂದು ಕೇಳಿದ್ದಕ್ಕೆ, "ಬೇಟೆಗಾರ ಹೇಳಿದ್ದಾನೆ," ಎಂದರು.

ಚಳಿ ಹಿಂದೆ ಸರಿದು ಧೂಳುಗಾಳಿ ಶುರುವಾದಾಗ ಅವರು ಹಿಂತಿರುಗಿದರು. ಸೀದಾ ಶೆಡ್ಡಿಗೆ ಬಂದರು, ನನಗೆ ಹೇಳಿ ಕಳಿಸಿದರು. ನಾನು ತಿರುಗಿಸಿ ಹೇಳುತ್ತ ಹೋದೆ, ಆಚಾರಿಯವರು ಕೇಳಿದರು.

ಮೂರನೆಯ ದಿನ ಒಂದು ಮುದಿ ಕೋಣ ಹದಿನೆಂಟು ಹೆಜ್ಜೆಯಲ್ಲಿ ಅಡ್ಡ ನಿಂತಿತಂತೆ. ಇವರು ಎಳೆದರು. ಎಳೆದು ಆಗುವಷ್ಟರಲ್ಲಿ ಅದು ಇವರ ಕಡೆಗೆ ತಿರುಗಿತು. ಎದುರಿನಿಂದ ಕಂಡದ್ದು ಕೊಂಬು, ತಲೆಬುರುಡೆ ಅಷ್ಟೆ, ಬಾಣಕ್ಕೆ ದಾರಿಯಿಲ್ಲ. ಬಿಟ್ಟರೆ ಗಾಯವಾದ ಕೋಣ ಮೈಮೇಲೆ. ಕೈ ನಡುಗಿ ಬಿಲ್ಲು ಕಿರ್ ಎಂದರೂ ಅದೇ ಗತಿ. "ಅದು ಉಸಿರು ಬಿಡುವುದು ಕೇಳಿಸುತ್ತಿತ್ತು," ಎಂದರು. "ಹಿಡಿದೆ. ಎಷ್ಟು ಹೊತ್ತೋ ಅಲ್ಲಾಹನಿಗೇ ಗೊತ್ತು. ಮೆಲ್ಲ ಇಳಿಸಿದೆ. ಅದು ತಲೆ ತಗ್ಗಿಸಿ ಹುಲ್ಲು ಕಡಿಯಿತು, ಹೋಯಿತು."

ಏಳನೆಯ ದಿನ ಇನ್ನೊಂದು ಸಿಕ್ಕಿತು. ಒಂದೇ ಬಾಣ, ಗರಿಯವರೆಗೂ ಒಳಗೆ. ಅರವತ್ತು ಹೆಜ್ಜೆ ಓಡಿ ಬಿದ್ದಿತು. ಆದರೆ ಅಬು ಫಹದ್ ಮತ್ತೆ ಮತ್ತೆ ಹೇಳಿದ್ದು ಮೂರನೆಯ ದಿನದ ಬಿಡದ ಬಾಣದ ಮಾತು. ಹೇಳಿ ಮುಗಿಸಿ, ಬಾಗಿ, ಆಚಾರಿಯವರ ಹಣೆಗೆ ಮುತ್ತಿಟ್ಟರು. ತಮ್ಮ ಹಿರಿಯರಿಗೆ ಮಾತ್ರ ಅವರು ಕೊಡುವ ಗೌರವ ಅದು.

"ಎಂತ ಮಾರಾಯ್ರೆ ಇದು!" ಎಂದು ಆಚಾರಿಯವರು ಹಿಂದೆ ಸರಿದು ಕೆಲಸದ ಮೇಜಿಗೆ ಬಡಿದುಕೊಂಡರು. ಹಣೆ ಒರೆಸಿಕೊಂಡು ಕೇಳಿದ್ದು ಒಂದೇ ಮಾತು: "ಅಲಗು ಸಡಿಲ ಆಗಿತ್ತಾ ಕೇಳಿ."

ಆಗಿರಲಿಲ್ಲ.

ಈಗ ನನ್ನ ಸಲಹೆ. ನಮ್ಮ ದೇಶದಲ್ಲಿ ಕಾಡುಪ್ರಾಣಿಯ ಮೇಲೆ ಬಾಣ ಬಿಡುವುದು ಅಪರಾಧ, ಆ ಯೋಚನೆ ಬೇಡ. ಹೊರದೇಶದಲ್ಲಿ ಪರವಾನಗಿ ಪಡೆದು ಹೋಗುವವರಿದ್ದರೆ, ಅಥವಾ ಮಗಳಿಗೆ ಗುರಿಯಾಟಕ್ಕೆ ಬಿಲ್ಲು ಕೊಳ್ಳುವವರಿದ್ದರೆ, ಕೇಳಿ. ಖರ್ಚು ಮಾಡುವುದಿದ್ದರೆ ಮೊದಲು ಬಾಣಕ್ಕೆ ಮಾಡಿ, ಆಮೇಲೆ ಬಿಲ್ಲಿಗೆ. ಕಡ್ಡಿಯನ್ನು ಬೆಳಕಿಗೆ ಹಿಡಿದು ಎಳೆ ನೋಡಿ, ಪ್ರತಿಯೊಂದನ್ನೂ ತೂಗಿಸಿ. ಅಲಗನ್ನು ಪೆಟ್ಟಿಗೆಯ ಚಂದ ನೋಡಿ ಕೊಳ್ಳಬೇಡಿ, ಮುಂಗೈ ಕೂದಲಿನಿಂದ ಪರೀಕ್ಷಿಸಿ. ಬಿಲ್ಲನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಇಡಬೇಡಿ, ಅಂಟು ಬಿಟ್ಟುಕೊಳ್ಳುತ್ತದೆ. ನೆಂಟರ ಕೈಗೆ ಕೊಡುವಾಗ ಹೆದೆ ಬಿಚ್ಚಿ ಕೊಡಿ, ಆಗ ಯಾರ ಮಾನವೂ ಹೋಗುವುದಿಲ್ಲ. ಕೊಳ್ಳುವ ದಿನ ಬೆಳಗಿನ ಚಳಿಯಲ್ಲೇ ಹೋಗಿ, ಮೈ ಬಿಸಿಯಾಗುವ ಮೊದಲು. ಬಾಣ ಹೂಡಿ, ಪೂರಾ ಎಳೆದು, ಹತ್ತು ಎಣಿಸಿ, ಬಾಣ ಬಿಡದೆ ಮೆಲ್ಲ ಇಳಿಸಿ. ತೋಳು ನಡುಗಿದರೆ ಅದನ್ನು ಕೆಳಗಿಟ್ಟು, ಐದು ಪೌಂಡು ಕಡಿಮೆಯದ್ದನ್ನು ಕೇಳಿ. ಅಂಗಡಿಯವನು ನಕ್ಕರೆ ನಗಲಿ. ಅವನು ನಿಮ್ಮ ಜೊತೆ ಕಾಡಿಗೆ ಬರುವವನಲ್ಲ.